ಶನಿವಾರದ ರಬ್ಬರು, ಭಾನುವಾರದ ಪೆನ್ಸಿಲ್ಲು

ಪುಸ್ತಕದಲ್ಲಿ ಗೀಚುವವರ ಕೈಗೆ ಏನು ಶಿಕ್ಷೆ ಆಗಬೇಕು ಎಂಬ ಬಗ್ಗೆ ಲೈಬ್ರರಿಯಮ್ಮನಿಗೆ ಹನ್ನೊಂದು ವರ್ಷಗಳಿಂದ ಒಂದೇ ಅಭಿಪ್ರಾಯವಿತ್ತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಿಕ್ಕ ವಿಷಯಗಳಲ್ಲಿ ಅವಳು ಸಾಧು. ಕಾರ್ಡು ಕಳೆದುಕೊಂಡವರಿಗೆ ಇನ್ನೊಂದು ಬರೆದುಕೊಡುತ್ತಿದ್ದಳು. ಪುಸ್ತಕವನ್ನು ತಡವಾಗಿ ತಂದವರು ಹೇಳುವ ಸುಳ್ಳನ್ನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ, ಆಮೇಲೆ ದಂಡ ಹಾಕುತ್ತಿದ್ದಳು. ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತು ಕಂಡರೆ ಮಾತ್ರ ಉರಿದು ಬೀಳುತ್ತಿದ್ದಳು.

ಗುರುತು ಅಂದರೆ ಒಂದೆರಡು ಗೆರೆಯಲ್ಲ. ಯಾರೋ ಒಬ್ಬರು ಕಥೆ, ಕಾದಂಬರಿ, ಪ್ರವಾಸ ಎನ್ನದೆ ಸಿಕ್ಕ ಪುಸ್ತಕದ ಅಂಚಿನಲ್ಲೆಲ್ಲ ಸಾಲುಗಟ್ಟಲೆ ಅಭಿಪ್ರಾಯ ಬರೆಯುತ್ತಿದ್ದರು. ಏನು ಬರೆದಿದ್ದಾರೆ ಎಂದು ಅವಳು ಒಂದು ಸಲವೂ ಓದಿದವಳಲ್ಲ. ಓದಿದರೆ ಕಳ್ಳನಿಗೆ ಕುರ್ಚಿ ಹಾಕಿ ಕೂರಿಸಿದ ಹಾಗೆ ಎಂಬುದು ಅವಳ ವಾದ. ಕಣ್ಣು ಅರ್ಧ ಮುಚ್ಚಿಕೊಂಡು ರಬ್ಬರ್ ಉಜ್ಜುವುದಷ್ಟೇ ಕೆಲಸ.

ಆ ಕೆಲಸಕ್ಕೆ ಒಂದು ಕ್ರಮವಿತ್ತು. ಪ್ರತಿ ಶನಿವಾರ, ವಾಪಸು ಬಂದ ಪುಸ್ತಕಗಳಲ್ಲಿ ಬೆನ್ನು ಹರಿದ, ಗೀಚು ಬಿದ್ದ ಹತ್ತು ಹನ್ನೆರಡನ್ನು ಚೀಲಕ್ಕೆ ತುಂಬಿ ಮನೆಗೆ ಒಯ್ಯುವಳು. ಸಂಜೆ ಊಟದ ಮೇಜಿನ ಮೇಲೆ ಹರಡಿಕೊಂಡು ಅಂಟಿಸಿ, ಅಳಿಸಿ, ರಬ್ಬರಿನ ಪುಡಿಯನ್ನು ಕೊಡವಿ ಚೀಲಕ್ಕೆ ಹಾಕುವಳು. ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಚೀಲವನ್ನು ಎತ್ತಿಕೊಂಡು ಹೋಗಿ ನೇರವಾಗಿ ಕಪಾಟಿಗೆ ಜೋಡಿಸುವಳು. ತಾನೇ ತೊಳೆದ ಪಾತ್ರೆಯನ್ನು ಮತ್ತೆ ಮೂಸಿ ನೋಡುವವರು ಯಾರು? ಎರಡು ವಾರಕ್ಕೆ ಅದೇ ಪುಸ್ತಕ ಮತ್ತೆ ಗೀಚಿಸಿಕೊಂಡು ಬಂದಾಗ ಊರಿನವರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಬಯ್ಯುವಳು.

ಇನ್ನೊಂದು ಸಂಗತಿ ಅವಳನ್ನು ಕಾಡುತ್ತಿತ್ತು. ಓದುಗರು ಪುಸ್ತಕವನ್ನು ಕಿಟಕಿಯ ಹತ್ತಿರ ಒಯ್ದು, ಪುಟವನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಹಲ್ಲಿನ ಡಾಕ್ಟರಂತೂ ಬಾಯಿಯೊಳಗೆ ನೋಡುವ ಪುಟ್ಟ ಟಾರ್ಚನ್ನೇ ತರುತ್ತಿದ್ದ. ಪಾಪ, ಊರಿಗೆ ಊರೇ ಕಣ್ಣು ಕಳೆದುಕೊಳ್ಳುತ್ತಿದೆ ಎಂದು ಮರುಗಿ ಅವಳು ನಗರಸಭೆಗೆ ನಾಲ್ಕು ಅರ್ಜಿ ಬರೆದು ಎರಡು ಹೆಚ್ಚುವರಿ ಬಲ್ಬು ಹಾಕಿಸಿದ್ದಳು.

ಬಲ್ಬು ಕೊಟ್ಟ ಅದೇ ನಗರಸಭೆ ಈ ವರ್ಷ ಪುಸ್ತಕ ಖರೀದಿಯ ಹಣವನ್ನು ಪೂರ್ತಿ ಕತ್ತರಿಸಿತು. ಕತ್ತರಿಸಿ ಸುಮ್ಮನಿದ್ದರೆ ಒಂದು ಮಾತು. ವರ್ಷಕ್ಕೆ ಇನ್ನೂರು ಹೊಸ ಪುಸ್ತಕ ಸೇರದ ಗ್ರಂಥಾಲಯವನ್ನು ಗ್ರಂಥಾಲಯ ಎಂದು ಕರೆಯುವಂತಿಲ್ಲ, ಅದು ಬರೀ ಪತ್ರಿಕೆ ಓದುವ ಕೋಣೆ ಎಂಬ ಹಳೆಯ ನಿಯಮವನ್ನೂ ಧೂಳು ಕೊಡವಿ ತೆಗೆಯಿತು. ವರ್ಷದ ಕೊನೆಯ ದಿನ ಅಧಿಕಾರಿ ಬಂದು ಎಣಿಸುವರು. ಇನ್ನೂರು ಇಲ್ಲದಿದ್ದರೆ ಹದಿನೇಳು ಸಾವಿರ ಪುಸ್ತಕಗಳು ಎಲ್ಲೋ ಒಂದು ಗೋದಾಮಿಗೆ ಹೋಗುವವು, ಲೈಬ್ರರಿಯಮ್ಮ ನೀರಿನ ತೆರಿಗೆ ವಿಭಾಗಕ್ಕೆ ಹೋಗುವಳು. ನಗರಸಭೆಯ ಪತ್ರ ಓದಿದ ದಿನ ಅವಳು ಕಪಾಟುಗಳ ನಡುವೆ ನಿಂತು ಸ್ವಲ್ಪ ಅತ್ತಳು. ನೀರಿನ ತೆರಿಗೆಗೆ ಹೆದರಿ ಅತ್ತದ್ದಲ್ಲ. ಆ ಹದಿನೇಳು ಸಾವಿರವನ್ನೂ ಅವಳು ಬೆನ್ನು ನೋಡಿಯೇ ಗುರುತಿಸಬಲ್ಲವಳಾಗಿದ್ದಳು.

ಹನಿ ಹನಿ ಗೂಡಿದರೆ ಹಳ್ಳ ಎಂದುಕೊಂಡು ಬಾಗಿಲಲ್ಲಿ ದೊಡ್ಡ ಪೆಟ್ಟಿಗೆ ಇಟ್ಟು 'ಪುಸ್ತಕ ದಾನ ಮಾಡಿ' ಎಂದು ಬರೆದಳು. ಊರು ಧಾರಾಳವಾಗಿ ದಾನ ಮಾಡಿತು. ಬಟ್ಟೆ ಒಗೆಯುವ ಯಂತ್ರದ ಕೈಪಿಡಿ ಮೂರು, ಕಳೆದ ದಶಕದ ಪರೀಕ್ಷೆಯ ಗೈಡುಗಳು ಹನ್ನೊಂದು, ಯಾರದೋ ಮದುವೆಯ ಆಲ್ಬಮ್ಮು ಒಂದು, ಹಲ್ಲಿನ ಡಾಕ್ಟರ ಕಡೆಯಿಂದ ಒಸಡಿನ ಕುರಿತಾದ ಮಾಸಪತ್ರಿಕೆಯ ನಾಲ್ಕು ವರ್ಷದ ಸಂಚಿಕೆಗಳು. ಮನೆ ಗುಡಿಸುವುದಕ್ಕೂ ದಾನಕ್ಕೂ ಊರಿನವರು ವ್ಯತ್ಯಾಸ ಕಂಡಂತಿರಲಿಲ್ಲ. ಮದುವೆಯ ಆಲ್ಬಮ್ಮಿನ ಹೆಂಡತಿ ಮಾತ್ರ ಮರುದಿನ ಬಂದು ಅದನ್ನು ವಾಪಸು ಒಯ್ದಳು. ಗಂಡನನ್ನು ಏನು ಮಾಡಿದಳೋ ತಿಳಿಯದು.

ಮನೆಯಲ್ಲಿ ಅವಳು ಈ ಗೋಳನ್ನು ಹೇಳಿಕೊಂಡಾಗ ಗಂಡ "ಅಯ್ಯೋ" ಎಂದು ಮತ್ತೆ ಪೇಪರಿಗೆ ಇಳಿದ. ಅವನು ಬಸ್ ಡಿಪೋದಲ್ಲಿ ವೇಳೆ ಬರೆಯುವ ಗುಮಾಸ್ತ. ಬೇರೆಯವರ ವೇಳೆ ಬರೆದೂ ಬರೆದೂ ತನ್ನದಕ್ಕೆ ಪುರುಸೊತ್ತಿಲ್ಲದವನು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಿಂದಲೇ ಕೇಳಿದಳು.

"ಹಳೇದನ್ನೇ ಮಾರಿ ಹೊಸದು ತಗೋಬಾರ್ದಾ? ಗೋಡೌನಲ್ಲಿ ಹರಿದಿದ್ದು ರಾಶಿ ಬಿದ್ದಿದೆ ಅಂತೀಯಲ್ಲ."

"ಗೀಚಿದ ಪುಸ್ತಕ ಯಾರು ತಗೋತಾರೆ ಅತ್ತೆ?"

"ಕೇಳಿ ನೋಡು. ನನಗೇನು ಗೊತ್ತು, ನಾನು ಓದುವವಳಾ?" ಎಂದಳು ಅತ್ತೆ.

ಅತ್ತೆ ಮೂವತ್ತೈದು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಊರಿನ ಅರ್ಧ ಜನರನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ಅಳಿಸಿದ ಹೆಮ್ಮೆ ಅವಳಿಗಿತ್ತು. ಈಗ ಕಣ್ಣು ಮಂಜು, ಕೈ ನಡುಕ ಎನ್ನುತ್ತಿದ್ದಳು. ಮಾತ್ರೆಯ ಡಬ್ಬಿಯ ಮೇಲಿನ ಅಕ್ಷರವನ್ನು ಸೊಸೆಯೇ ಓದಿ ಹೇಳಬೇಕು, ಅಂಗಡಿಯ ಚೀಟಿಯನ್ನು ಸೊಸೆಯೇ ಬರೆಯಬೇಕು. ಕಣ್ಣಿಗೆ ಆಪರೇಷನ್ ಆಗಿ ಹನ್ನೆರಡು ವರ್ಷವಾಗಿದ್ದರೂ ಈ ವ್ಯವಸ್ಥೆ ಬದಲಾಗಿರಲಿಲ್ಲ.

ಹಳೆ ಪುಸ್ತಕಗಳ ಮಾರಾಟದ ದಿನ ಲೈಬ್ರರಿಯಮ್ಮ ಎರಡು ಮೇಜು ಹಾಕಿದಳು. ಒಂದರ ಮೇಲೆ ಚೊಕ್ಕಟವಾದವು, ಇನ್ನೊಂದರ ಮೇಲೆ, ನಾಚಿಕೆಯಿಂದ ಮೂಲೆಗೆ ತಳ್ಳಿ, ಗೀಚಿದವು. ಬಾಗಿಲು ತೆಗೆದ ಐದು ನಿಮಿಷಕ್ಕೆ ಮೂಲೆಯ ಮೇಜಿನ ಸುತ್ತ ನೂಕುನುಗ್ಗಲು. ಹಲ್ಲಿನ ಡಾಕ್ಟರೂ ಬೇಕರಿಯ ಯಜಮಾನಿಯೂ ಒಂದು ಹರಿದ ಕಾದಂಬರಿಯ ಎರಡು ತುದಿ ಹಿಡಿದು ಎಳೆದಾಡುತ್ತಿದ್ದರು. ಚೊಕ್ಕಟವಾದ ಮೇಜಿನ ಹತ್ತಿರ ಒಂದು ನೊಣವೂ ಸುಳಿಯಲಿಲ್ಲ.

"ನಾನು ಮೊದಲು ಮುಟ್ಟಿದ್ದು!" ಎಂದಳು ಬೇಕರಿಯವಳು.

"ನಾನು ಇದಕ್ಕೋಸ್ಕರ ಒಂದು ದವಡೆ ಹಲ್ಲನ್ನ ಅರ್ಧಕ್ಕೆ ಬಿಟ್ಟು ಬಂದಿದ್ದೀನಿ!" ಎಂದ ಡಾಕ್ಟರು.

"ಅಂಥದ್ದು ಏನಿದೆ ಅದರಲ್ಲಿ?" ಎಂದು ಕೇಳಿದಳು ಲೈಬ್ರರಿಯಮ್ಮ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡು ಅಂಚಿನ ಪೆನ್ಸಿಲ್ ಬರಹವನ್ನು ಓದಿದ: "ನಾಯಕ ಮೂರು ಪುಟದಿಂದ ಸಾಯುತ್ತಿದ್ದಾನೆ. ನಾನು ಕಂಡವರೆಲ್ಲ ಇದಕ್ಕಿಂತ ಬೇಗ ಹುಟ್ಟಿದ್ದಾರೆ."

ಲೈಬ್ರರಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳೂ ಒಂದು ಪುಸ್ತಕ ಎತ್ತಿಕೊಂಡು ಅಂಚನ್ನು ಓದಿದಳು. 'ಈ ನಾಯಕಿಗೆ ನನ್ನ ಸೊಸೆಗಿರುವಷ್ಟು ಬುದ್ಧಿಯೂ ಇಲ್ಲ. ನನ್ನ ಸೊಸೆಗೆ ಎಷ್ಟಿದೆ ಎಂದು ಕೇಳಬೇಡಿ.' ಮತ್ತೆ ನಕ್ಕಳು. ಇನ್ನೊಂದು ಪುಟ. 'ನನ್ನ ಸೊಸೆಯೂ ಹೀಗೇ. ಬೀಗ ಹಾಕಿ, ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ವಾಪಸು ಬಂದು ಎಳೆದು ನೋಡುತ್ತಾಳೆ.' "ಎಂಥ ಹೆಂಗಸು ಇರಬೇಕು ಪಾಪ, ಆ ಸೊಸೆ!" ಎಂದು ಕಣ್ಣು ಒರೆಸಿಕೊಂಡಳು. ಯಾರೂ ಅವಳ ಜೊತೆ ನಗಲಿಲ್ಲ. ಬೇಕರಿಯವಳು ಛಾವಣಿ ನೋಡತೊಡಗಿದಳು.

ಆಗ ಲೈಬ್ರರಿಯಮ್ಮನಿಗೆ ಬೆಳಿಗ್ಗೆ ಮನೆಯ ಬೀಗ ಎಳೆದು ನೋಡಲು ಬೀದಿಯ ತಿರುವಿನಿಂದ ಮೂರನೇ ಸಲ ವಾಪಸು ಹೋದದ್ದು ನೆನಪಾಯಿತು. ಇನ್ನೊಂದು ಪುಸ್ತಕ ತೆಗೆದಳು. ಅದರ ಕೊನೆಯ ಪುಟದಲ್ಲಿ, ದುಂಡನೆಯ, ಒಂದಿಷ್ಟೂ ನಡುಕವಿಲ್ಲದ ಅಕ್ಷರದಲ್ಲಿ ಹೀಗಿತ್ತು: 'ಶನಿವಾರ ಸೊಸೆ ಅಳಿಸುತ್ತಾಳೆ, ಭಾನುವಾರ ಅವಳು ಮಲಗಿದಾಗ ನಾನು ಬರೆಯುತ್ತೇನೆ. ಮನೆಯಲ್ಲಿ ಇಬ್ಬರಿಗೂ ಕೆಲಸ ಇರಬೇಕಲ್ಲ.'

"ಅಮ್ಮಾ," ಎಂದ ಡಾಕ್ಟರು ಮೆಲ್ಲಗೆ, "ನಿಮಗೆ ಗೊತ್ತಿರಲಿಲ್ವಾ? ಊರಿಗೆಲ್ಲ ಗೊತ್ತು. ನೀವು ಅಳಿಸಿದ್ದನ್ನೂ ಬೆಳಕಿಗೆ ಹಿಡಿದು ಓದ್ತೀವಿ."

ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ಆಗಿತ್ತು ಅವಳ ಪಾಡು. ಹುಡುಕಿದ್ದಷ್ಟೇ ಅಲ್ಲ, ಆ ಕೂಸನ್ನು ಪ್ರತಿ ಶನಿವಾರ ತಾನೇ ಹೊತ್ತು ಮನೆಗೂ ಒಯ್ದಿದ್ದಳು.

ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುತ್ತಾರಂತೆ. ಇವರ ಮನೆಯಲ್ಲಿ ಕೊತ್ತಿ ಇರಲಿಲ್ಲವಾದ್ದರಿಂದ ಎರಡು ದಿನ ಗಂಡನ ಮೇಲೆ ತೀರಿಸಿಕೊಂಡಳು. ಮೂರನೆಯ ದಿನ ಮಧ್ಯಾಹ್ನ ಅತ್ತೆಯ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಯಾಕೆ ಹೀಗೆ ಮಾಡಿದ್ರಿ?"

ಅತ್ತೆ ತಪ್ಪಿಸಿಕೊಳ್ಳಲು ಹೋಗಲಿಲ್ಲ. "ನಾನು ಶುರು ಮಾಡಿದ್ದಲ್ಲ. ಯಾವನೋ ಒಬ್ಬ, ನಾಯಕಿ ಅಳೋ ಪುಟದ ಪಕ್ಕದಲ್ಲಿ 'ಅಯ್ಯೋ ಪಾಪ' ಅಂತ ಬರೆದಿದ್ದ. ನೀನು ಅಳಿಸೋದು ಮರೆತಿದ್ದೆ. ಪಾಪ ಯಾಕೆ, ಅವಳದೇ ತಪ್ಪು ಅಂತ ಕೆಳಗೆ ಬರೆದೆ. ಅಷ್ಟೇ. ಆಮೇಲೆ ಚಟ ಹತ್ತಿತು. ಇಡೀ ದಿನ ಈ ಕಿಟಕಿ ಮುಂದೆ ಕೂತು ನಾನು ಯಾರ ಹತ್ರ ಮಾತಾಡಲಿ ಹೇಳು? ನಿನ್ನ ಗಂಡನ ಹತ್ರಾನಾ?"

ಈ ಮಾತನ್ನು ಲೈಬ್ರರಿಯಮ್ಮ ಒಪ್ಪಲೇಬೇಕಾಯಿತು. ಅವಳಿಗೂ ಅದೇ ಗಂಡ.

"ಊರೆಲ್ಲ ನನ್ನ ನೋಡಿ ನಗ್ತಿದೆ ಅತ್ತೆ."

"ನಗಲಿ ಬಿಡು. ನಿನ್ನ ಪುಸ್ತಕ ತಗೊಂಡು ಹೋಗಿ ತಾನೇ ನಗೋದು?"

ಆ ಮಾತು ಲೈಬ್ರರಿಯಮ್ಮನ ತಲೆಯಲ್ಲಿ ಕೂತಿತು. ಸಂಜೆಯೊಳಗೆ ಅದು ಮೊಳಕೆ ಒಡೆಯಿತು. ಅಂಚಿನ ಬರಹಕ್ಕಾಗಿ ಊರು ದವಡೆ ಹಲ್ಲನ್ನು ಅರ್ಧಕ್ಕೆ ಬಿಟ್ಟು ಬರುವುದಾದರೆ ಒಂದು ಹೊಸ ಪುಸ್ತಕ ಕೊಳ್ಳದೆ ಇದ್ದೀತೇ? ಆದರೆ ಅದಕ್ಕೆ ಅವಳು ತನ್ನ ಮರ್ಯಾದೆಯನ್ನು ಬಾಗಿಲಲ್ಲಿ ಬಿಚ್ಚಿಡಬೇಕು. ಒಂದು ಕಡೆ ಮರ್ಯಾದೆ, ಒಂದು ಕಡೆ ಹದಿನೇಳು ಸಾವಿರ ಪುಸ್ತಕ. ಬಹಳ ಹೊತ್ತು ಯೋಚಿಸಲಿಲ್ಲ. ಮರ್ಯಾದೆ ಹೇಗೂ ಹನ್ನೊಂದು ವರ್ಷದ ಹಿಂದೆಯೇ ಹೋಗಿತ್ತು, ತಿಳಿಯುವುದು ತಡವಾಯಿತು ಅಷ್ಟೇ.

"ಬರೀರಿ," ಎಂದಳು ಅತ್ತೆಗೆ. "ಆದ್ರೆ ನನ್ನ ವಿಷಯ ಬೇಡ."

"ಹಾಗಾದ್ರೆ ಆಗಲ್ಲ. ಉಪ್ಪಿಲ್ಲದ ಅಡುಗೆ ಯಾರು ಉಣ್ತಾರೆ? ಮತ್ತೆ ನನಗೆ ಒಳ್ಳೆ ಪೆನ್ಸಿಲ್ ಬೇಕು, ದಿನಕ್ಕೆ ಎರಡು ಸಲ ಚಹಾ ಬೇಕು, ಕೇಳದೆ ಬರಬೇಕು."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಎರಡು ಕಾಲವೂ ಅತ್ತೆಯದೇ ಎಂದು ಗೊಣಗುತ್ತ ಸೊಸೆ ಚಹಾ ಇಡಲು ಎದ್ದಳು.

ಮರುದಿನ ಪೆಟ್ಟಿಗೆಯ ಮೇಲೆ ಹೊಸ ಬೋರ್ಡು ಬಂತು. ಹೊಸ ಪುಸ್ತಕವೊಂದನ್ನು ದಾನ ಕೊಟ್ಟರೆ ಅದು ಮೊದಲು ಅತ್ತೆಯ ಪೆನ್ಸಿಲ್ಲಿಗೆ ಹೋಗುವುದು, ಆಮೇಲೆ ಮೊದಲ ಓದು ದಾನಿಯದು. ವಾರದಲ್ಲಿ ನಲವತ್ತು ಬಂದವು. ಹೊಗಳಿಕೆ ಬೇಕಾದ ಶಾಲಾ ಮೇಷ್ಟ್ರೊಬ್ಬರು ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಕವನ್ನು ಕೊಟ್ಟರು. ಎಂಟನೆಯ ಪುಟದಲ್ಲಿ 'ಇಲ್ಲಿಗೆ ಮುಗಿಸಬಹುದಿತ್ತು' ಎಂದು ಬರೆಸಿಕೊಂಡು ಅದು ವಾಪಸು ಬಂದಿತು. ಅವರು ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಇನ್ನೊಂದು ಪುಸ್ತಕ ತಂದರು. ಡಾಕ್ಟರು ಆರು ಕೊಟ್ಟ. ಅತ್ತೆ ಹೊಸ ಕನ್ನಡಕ ಏರಿಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಓದಿದಳು, ಬರೆದಳು. ಸೊಸೆಯ ಗೊರಕೆ, ಸೊಸೆಯ ಹೆಗಲ ಮೇಲೇ ಇದ್ದ ಟವೆಲ್ಲಿಗಾಗಿ ಮನೆಯೆಲ್ಲ ನಡೆದ ಶೋಧ, ಎಲ್ಲವೂ ಊರಿನ ಆಸ್ತಿಯಾಯಿತು. ಬೀದಿಯಲ್ಲಿ ಜನ ಲೈಬ್ರರಿಯಮ್ಮನನ್ನು ಕಂಡು "ಟವೆಲ್ ಸಿಕ್ತಾ?" ಎಂದು ಕೇಳುವರು. ಅವಳು ಹಲ್ಲು ಕಚ್ಚಿ "ಸಿಕ್ತು, ನಿಮ್ಮ ಪುಸ್ತಕ ಎಲ್ಲಿ?" ಎನ್ನುವಳು.

ವರ್ಷದ ಕೊನೆಯ ದಿನ ಬೆಳಿಗ್ಗೆಗೆ ಲೆಕ್ಕ ನೂರ ತೊಂಬತ್ತೊಂಬತ್ತು. ಹತ್ತು ಗಂಟೆಗೆ ಗಂಡ ಜೀವಮಾನದಲ್ಲಿ ಮೊದಲ ಸಲ ಸರಿಯಾದ ವೇಳೆಗೆ ಎಲ್ಲಿಗೋ ತಲುಪಿ, ಕಂಕುಳಿಂದ ಒಂದು ದಪ್ಪ ಹೊಸ ಕಾದಂಬರಿ ತೆಗೆದಿಟ್ಟ. "ಅಮ್ಮ ಮೂರು ದಿನದಲ್ಲಿ ಓದಿ ಮುಗಿಸಿದ್ಲು. ಡಿಪೋಗೆ ಹೋಗೋ ದಾರೀಲಿ ಕೊಟ್ಟು ಹೋಗು ಅಂದ್ಲು," ಎಂದ. ಇನ್ನೂರು.

ಹತ್ತೂವರೆಗೆ ಅಧಿಕಾರಿ ಬಂದ. ಸಣ್ಣ ಆಳು, ದಪ್ಪ ಕನ್ನಡಕ. ಒಂದು ಪುಸ್ತಕ ತೆರೆದ, ಇನ್ನೊಂದು ತೆರೆದ, ಮೂರನೆಯದನ್ನು ತೆರೆದು ಹುಬ್ಬು ಗಂಟಿಕ್ಕಿದ.

"ಇವೆಲ್ಲ ಹಾಳಾದ ಪುಸ್ತಕ. ಬರಹ ಇರೋ ಪುಸ್ತಕವನ್ನ ಎಣಿಸೋ ಹಾಗಿಲ್ಲ. ನಿಯಮ ಹದಿನಾಲ್ಕು."

"ಅಂಥ ನಿಯಮ ಯಾರು ಮಾಡಿದ್ದು ಸಾರ್?" ಎಂದಳು ಲೈಬ್ರರಿಯಮ್ಮ ಸಿಟ್ಟಿನಿಂದ.

ಅವನು ಫೈಲಿನಿಂದ ಒಂದು ಹಾಳೆ ತೆಗೆದ. ಎಂಟು ವರ್ಷದ ಹಿಂದಿನ ಅರ್ಜಿ. ಗೀಚಿದ ಪುಸ್ತಕವನ್ನು ಪುಸ್ತಕವೆಂದೇ ಪರಿಗಣಿಸಬಾರದು ಎಂದು ಒಂದೂವರೆ ಪುಟ ಬೇಡಿಕೊಂಡು, ಕೆಳಗೆ ಅವಳದೇ ಸಹಿ. ತಾನು ತೋಡಿದ ಗುಂಡಿಗೆ ತಾನೇ ಬೀಳುವವರನ್ನು ಅವಳು ಕಥೆಗಳಲ್ಲಷ್ಟೇ ಕಂಡಿದ್ದಳು. ಕಣ್ಣೆದುರಿಗೆ ನೀರಿನ ಮೀಟರುಗಳು ಸಾಲಾಗಿ ನಿಂತವು.

"ಅಳಿಸಿದ್ರೆ?" ಎಂದಳು.

ಅಧಿಕಾರಿ ಗಡಿಯಾರ ನೋಡಿದ. "ಕಚೇರಿ ಮುಚ್ಚೋದು ಐದಕ್ಕೆ."

ಸುದ್ದಿ ಕಾಲಿಗೆ ಚಕ್ರ ಕಟ್ಟಿಕೊಂಡು ಊರು ಸುತ್ತಿತು. ಅರ್ಧ ಗಂಟೆಯೊಳಗೆ ಇಡೀ ಓದುಗರ ಬಳಗ ರಬ್ಬರ್ ಹಿಡಿದು ಮೇಜಿನ ಸುತ್ತ ಕೂತಿತ್ತು. ಅಳಿಸುವ ಮೊದಲು ಒಮ್ಮೆ ಓದಬೇಕೆಂಬ ಆಸೆಯಿಂದ ಕೆಲಸ ಸಾಗಲಿಲ್ಲ. "ಓದ್ಬೇಡಿ, ಉಜ್ಜಿ! ಕಣ್ಣು ಅರ್ಧ ಮುಚ್ಕೊಳ್ಳಿ!" ಎಂದು ಲೈಬ್ರರಿಯಮ್ಮ ಹನ್ನೊಂದು ವರ್ಷದ ವಿದ್ಯೆಯನ್ನು ಎಲ್ಲರಿಗೂ ಧಾರೆ ಎರೆದಳು. ಮಧ್ಯಾಹ್ನ ಅತ್ತೆಯೂ ಬಂದಳು. ಯಾರೂ ಏನೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ತನ್ನದೇ ಸಾಲುಗಳನ್ನು ಅಳಿಸತೊಡಗಿದಳು. ಮುಖ ನೋಡುವ ಹಾಗಿರಲಿಲ್ಲ.

"ಬೇಜಾರಾಯ್ತಾ ಅತ್ತೆ?"

"ಇಷ್ಟು ವರ್ಷ ನೀನು ಅಳಿಸಿದ್ದೀಯ. ಒಂದು ದಿನ ನಾನೂ ಅಳಿಸ್ತೀನಿ. ಸುಮ್ಮನೆ ಉಜ್ಜು."

ಐದಕ್ಕೆ ಹತ್ತು ನಿಮಿಷ ಇರುವಾಗ ಲೈಬ್ರರಿಯಮ್ಮನ ಕೈಗೆ ಕೊನೆಯ ಪುಸ್ತಕ ಬಂತು. ಗಂಡ ತಂದಿದ್ದ ದಪ್ಪ ಕಾದಂಬರಿ. ಅತ್ತೆಯೊಬ್ಬಳು ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ಪುಟದಲ್ಲಿ ಮಾತ್ರ ಅಂಚು ತುಂಬಿತ್ತು. ಅವಳು ತನ್ನ ನಿಯಮವನ್ನು ತಾನೇ ಮುರಿದು ಓದಿದಳು.

'ಈ ಅತ್ತೆ ಮೂರ್ಖಳು. ನನ್ನ ಸೊಸೆಯನ್ನು ಬೇರೆ ಯಾರಾದರೂ ಒಂದು ಮಾತು ಅಂದು ನೋಡಲಿ, ಮೂಳೆ ಮುರಿಯುತ್ತೇನೆ. ಅನ್ನುವ ಹಕ್ಕು ನನ್ನೊಬ್ಬಳದು. ಸಾವಿರಾರು ಮಕ್ಕಳನ್ನು ಕೈಯಲ್ಲಿ ಹಿಡಿದಿದ್ದೇನೆ. ಹೆತ್ತದ್ದು ಒಂದೇ. ಆದರೆ ಯಾರಾದರೂ ಕೇಳಿದರೆ ಎರಡು ಎನ್ನುತ್ತೇನೆ.'

ರಬ್ಬರ್ ಅವಳ ಕೈಯಲ್ಲೇ ಉಳಿಯಿತು. ಮೇಜಿನ ಆ ತುದಿಯಲ್ಲಿ ಅತ್ತೆ ತಲೆ ಎತ್ತದೆ ಪುಡಿ ಕೊಡವುತ್ತಿದ್ದಳು. ಇದೊಂದು ಪುಸ್ತಕ ಬಿಟ್ಟರೆ ನೂರ ತೊಂಬತ್ತೊಂಬತ್ತು. ಅದು ಗೊತ್ತಿದ್ದೂ ಅಳಿಸಲು ಲೈಬ್ರರಿಯಮ್ಮನಿಂದ ಆಗಲಿಲ್ಲ. ಪುಸ್ತಕವನ್ನು ಮುಚ್ಚಿ ರಾಶಿಯ ನಡುವೆ ತೂರಿಸಿದಳು.

ಅಧಿಕಾರಿ ಎಣಿಸಿದ. ಇನ್ನೂರು ಬಂತು. ಪರೀಕ್ಷೆಗೆಂದು ಅಲ್ಲೊಂದು ಇಲ್ಲೊಂದು ಎಳೆದು ತೆರೆದ. ಎಲ್ಲವೂ ಬೆಳ್ಳಗಿದ್ದವು. ಕೊನೆಗೆ ಅವನ ಕೈ ಆ ದಪ್ಪ ಕಾದಂಬರಿಯ ಮೇಲೇ ಬಿತ್ತು. ಸುಮ್ಮನೆ ತೆರೆದರೂ ಆ ಪುಟಕ್ಕೇ ತೆರೆದುಕೊಂಡಿತು, ಅಷ್ಟು ಹೊತ್ತು ಅವಳು ಅದನ್ನು ಒತ್ತಿ ಹಿಡಿದಿದ್ದಳು. ಅವನು ಓದಿದ. ಇನ್ನೊಮ್ಮೆ ಓದಿದ. ತಲೆ ಎತ್ತಿ ಲೈಬ್ರರಿಯಮ್ಮನನ್ನು ನೋಡಿದ.

"ಈ ಸೊಸೆ ಯಾರು?"

"ನಾನೇ ಸಾರ್," ಎಂದಳು ಅವಳು.

ಅಧಿಕಾರಿ ನಿಧಾನವಾಗಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಬರಿಗಣ್ಣಿನಿಂದ ಪುಟವನ್ನು ಮತ್ತೊಮ್ಮೆ ದಿಟ್ಟಿಸಿದ. "ಏನೂ ಕಾಣ್ತಿಲ್ಲ. ಇಲ್ಲಿ ಬೆಳಕು ಕಡಿಮೆ," ಎಂದು, ಕಾಗದವನ್ನು ಮೂಗಿಗೆ ತಾಗಿಸಿಕೊಂಡು ಇನ್ನೂರು ಎಂದು ಬರೆದು ಸಹಿ ಹಾಕಿದ. ತಲೆಯ ಮೇಲೆ ಎರಡು ಹೆಚ್ಚುವರಿ ಬಲ್ಬುಗಳು ಧಗಧಗ ಉರಿಯುತ್ತಿದ್ದವು.

ಎಲ್ಲರೂ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಹೊರಟರು. ಲೈಬ್ರರಿಯಮ್ಮ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ವಾಪಸು ಹೋಗಿ ಎಳೆದು ನೋಡಿದಳು. ಇನ್ನೊಮ್ಮೆ ಹೋದಳು. ಅತ್ತೆ ಮೆಟ್ಟಿಲ ಮೇಲೆ ನಿಂತು ಕಾಯುತ್ತಿದ್ದಳು.

"ಆ ದಪ್ಪ ಪುಸ್ತಕದಲ್ಲಿ ಒಂದು ಕಡೆ ಬರೆದಿದ್ದೆ," ಎಂದಳು ಅತ್ತೆ, ಬೀದಿಯ ಕಡೆ ನೋಡುತ್ತ. "ಅಳಿಸಿದೆಯಾ?"

"ಮರೆತೆ."

"ನಿನಗೆ ಅಷ್ಟೇ ಬುದ್ಧಿ," ಎಂದು ಅತ್ತೆ ಅವಳ ತೋಳು ಹಿಡಿದುಕೊಂಡಳು. "ಇನ್ನೊಂದು ಸಲ ಬೀಗ ನೋಡಿ ಬಾ. ಮೂರು ಆಗಲಿ. ಆಮೇಲೆ ಮನೆಗೆ ಹೋಗೋಣ, ಇನ್ನೂರು ಪುಸ್ತಕ ಮತ್ತೆ ಬರೀಬೇಕು."